ಸೇಜ್ ಎಲೆಯಲ್ಲಿ ತಂಬುಳಿ ಮಾಡಿ ಕೆಟ್ಟೆ, ಇದನ್ನು ಬಳಸೋದು ಹೇಗೆ?

ತೀರ್ಥಹಳ್ಳಿ ಸೊಸೆ:
ಬೆಂಗಳೂರಿಂದ ಬರುವಾಗ ನಾದಿನಿ ಸೇಜ್ ಅಂತ ಒಂದು ಗಿಡ ತಂದುಕೊಟ್ಟಳು. ಬೂದು ಹಸಿರು ಎಲೆ, ಮುಟ್ಟಿದರೆ ಬೆಕ್ಕಿನ ಕಿವಿ ಥರ ಮೆತ್ತಗೆ. ದೊಡ್ಡಪತ್ರೆಯ ನೆಂಟ ಇದು, ಗಂಟಲಿಗೆ ಒಳ್ಳೇದು, ತಾನೂ ದಿನಾ ಟೀ ಮಾಡಿ ಕುಡೀತೀನಿ ಅಂದಳು. ನೆಂಟ ತಾನೇ ಅಂತ ನಾನು ಹದಿನೈದು ಎಲೆ ತುಪ್ಪದಲ್ಲಿ ಬಾಡಿಸಿ, ಜೀರಿಗೆ, ಕಾಳುಮೆಣಸು, ಕಾಯಿತುರಿ ಜೊತೆ ರುಬ್ಬಿ, ಮಜ್ಜಿಗೆ ಬೆರೆಸಿ ತಂಬುಳಿ ಮಾಡಿದೆ. ಮಾವ ಒಂದು ತುತ್ತು ತಿಂದು "ಕರ್ಪೂರ ಹಾಕಿದ್ಯೇನಮ್ಮಾ?" ಅಂದರು. ಕಹಿ ಬೇರೆ. ಗಿಡವೂ ಈ ಮಳೆಗೆ ಕಪ್ಪಾಗ್ತಿದೆ.

ಕೊಪ್ಪದ ಅಡುಗೆಮನೆ:
ಹದಿನೈದಾ! ನಿಮ್ಮ ಮಾವ ಹೇಳಿದ್ದು ಸುಳ್ಳಲ್ಲ, ಸೇಜ್ ಎಣ್ಣೆಯಲ್ಲಿ ಕರ್ಪೂರದ ಅಂಶ ಇದೆ. ತುಳಸಿ, ಪುದೀನ, ದೊಡ್ಡಪತ್ರೆ ಎಲ್ಲ ಒಂದೇ ಕುಟುಂಬ ನಿಜ, ಆದರೆ ನೆಂಟರೆಲ್ಲ ಒಂದೇ ಥರ ಇರ್ತಾರಾ? ಇದು ಮಜ್ಜಿಗೆಗೆ ಹೊಂದಲ್ಲ, ಬೆಣ್ಣೆಗೆ ಹೊಂದುತ್ತೆ. ನಾಲ್ಕೈದು ಎಲೆ ಬೆಣ್ಣೆಯಲ್ಲಿ ಗರಿಗರಿ ಆಗೋ ತನಕ ಹುರಿದು, ಆ ಬೆಣ್ಣೆ ಸಮೇತ ಸಿಹಿಗುಂಬಳ ಇಲ್ಲ ಆಲೂಗಡ್ಡೆ ಪಲ್ಯದ ಮೇಲೆ ಹಾಕಿ. ಇಟಲಿಯಲ್ಲಿ ಕುಂಬಳಕಾಯಿ ತುಂಬಿದ ಪಾಸ್ತಾಗೆ ಹೀಗೇ ಮಾಡ್ತಾರೆ. ತಂಬುಳಿಗೆ ನಮ್ಮ ದೊಡ್ಡಪತ್ರೆಯೇ ಸರಿ, ಸುಮ್ನೆ ಅದನ್ನು ಬಿಟ್ಟು ಇದಕ್ಕೆ ಹೋಗಬೇಡಿ.

ಆಗುಂಬೆ ದಾರಿ:
ಎರಡು ಗಿಡ ಕಳ್ಕೊಂಡು ಕಲಿತದ್ದು ಹೇಳ್ತೀನಿ. ಇದು ಮೆಡಿಟರೇನಿಯನ್ ಕಡೆಯ ಒಣಗುಡ್ಡದ ಗಿಡ, ನಮ್ಮ ಮಳೆಯಲ್ಲಿ ಬೇರು ಕೊಳೆತು ಸಾಯುತ್ತೆ. ಮಣ್ಣಿಗೆ ಅರ್ಧದಷ್ಟು ಮರಳು ಬೆರೆಸಿ, ಕುಂಡ ಜಗುಲಿ ಅಂಚಿಗೆ ತಂದಿಡಿ, ಬೆಳಕು ಬೀಳಬೇಕು, ಸೂರಿನ ನೀರು ಬೀಳಬಾರದು. ಮಣ್ಣು ಒಣಗಿದ ಮೇಲೇ ನೀರು. ಉಳಿದ ಎಲೆ ಕಿತ್ತು ಬಚ್ಚಲ ಒಲೆ ಹತ್ತಿರ ಒಣಗಿಸಿಟ್ಟುಕೊಳ್ಳಿ, ಒಣಗಿದ್ದಕ್ಕೆ ಘಾಟು ಜಾಸ್ತಿ, ಕಡಿಮೆ ಸಾಕು.

ಹಿತ್ತಲ ಮದ್ದು:
ಗಂಟಲಿಗೆ: ಒಂದು ಲೋಟ ಕುದಿವ ನೀರಿಗೆ ನಾಲ್ಕು ಎಲೆ, ಹತ್ತು ನಿಮಿಷ ಮುಚ್ಚಿಡಿ, ಸೋಸಿ, ಚಿಟಿಕೆ ಉಪ್ಪು ಹಾಕಿ ಬಾಯಿ ಮುಕ್ಕಳಿಸಿ ಉಗಿಯಿರಿ. ದಿನಾ ಲೋಟಗಟ್ಟಲೆ ಕುಡಿಯೋದು ಬೇಡ. ಇದರಲ್ಲಿ ಥುಜೋನ್ ಅನ್ನೋ ಅಂಶ ಇದೆ, ಜಾಸ್ತಿ ಆದರೆ ಫಿಟ್ಸ್ ಬರಬಹುದು. ಬಸುರಿಯರು, ಮೂರ್ಛೆರೋಗ ಇರುವವರು ಮುಟ್ಟಲೇಬಾರದು. ಹಾಲೂಡಿಸುವವರಿಗೂ ಬೇಡ, ಯುರೋಪಿನಲ್ಲಿ ಹಾಲು ಬತ್ತಿಸೋಕೇ ಇದನ್ನು ಕುಡೀತಿದ್ದರು. ಮಕ್ಕಳ ಕೆಮ್ಮಿಗೆ ದೊಡ್ಡಪತ್ರೆ ಬಾಡಿಸಿ ಹಿಂಡಿದ ರಸ, ಜೇನು ಸಾಕು. ಜೇನು ಒಂದು ವರ್ಷ ತುಂಬಿದ ಮೇಲೆ ಮಾತ್ರ.

ತೀರ್ಥಹಳ್ಳಿ ಸೊಸೆ:
ಇವತ್ತು ನಾಲ್ಕೇ ಎಲೆ ಹುರಿದು ಸಿಹಿಗುಂಬಳದ ಪಲ್ಯಕ್ಕೆ ಹಾಕಿದೆ. ಮಾವ ಏನೂ ಅನ್ನಲಿಲ್ಲ, ಎರಡನೇ ಸಲ ಹಾಕಿಸಿಕೊಂಡರು. ಗಿಡ ಜಗುಲಿಗೆ ಬಂತು. ಆದರೆ ನಾದಿನಿಗೆ ಈಗ ನಾಲ್ಕು ತಿಂಗಳು. ಮೊದಲು ಅವಳಿಗೆ ಫೋನ್ ಮಾಡ್ತೀನಿ.