ಊರಿನ ಕೆರೆ, ಗೋಮಾಳ ಉಳಿಸುವ ಯೋಜನೆ: ಎಲ್ಲಿಂದ ಶುರು ಮಾಡಬೇಕು?

ಕೇಳಿದವರು: ಇರುವುದು ಯಲಹಂಕ, ಊರು ದೊಡ್ಡಬಳ್ಳಾಪುರ ತಾಲ್ಲೂಕು. ಕೆರೆ, ಗೋಮಾಳ (ದನ ಮೇಯುವ ಊರ ಜಾಗ), ಗುಂಡುತೋಪು (ಊರ ಮರದ ತೋಪು) ಉಳಿಸಲು ಏನಾದರೂ ಯೋಜನೆ ಬರೆದುಕೊಡಿ ಅಂತ ಪಂಚಾಯಿತಿಯವರು ಕೇಳಿದ್ದಾರೆ. ಮಾಡಿ ಅನುಭವ ಇರುವವರು ಹೇಳಿ.

ಹೊಸಕೋಟೆ ಕಡೆಯವರು: ನಮ್ಮ ತಪ್ಪು ಹೇಳುತ್ತೇನೆ, ನೀವು ಮಾಡಬೇಡಿ. ಉತ್ಸಾಹದಲ್ಲಿ ಮೊದಲು ಗಿಡ ನೆಟ್ಟೆವು, ಗೋಮಾಳದ ತುಂಬಾ ಹೊಂಗೆ. ಅರ್ಧ ಮೇಕೆ ತಿಂದವು, ಇನ್ನರ್ಧ ಏಪ್ರಿಲ್ ಬಿಸಿಲಿಗೆ ಹೋದವು. ಕೆರೆ ಹೂಳೂ ಎತ್ತಿಸಿದೆವು. ಗೋಡು ಮಣ್ಣಿಗೆ ರೈತರು ಟ್ರ್ಯಾಕ್ಟರ್ ತಂದು ಸಾಲುಗಟ್ಟಿದರು, ಅದೊಂದೇ ಲಾಭ. ಒಳ್ಳೆ ಮಳೆ ಬಂತು, ಕೆರೆಗೆ ಮಾತ್ರ ನೀರು ಬರಲಿಲ್ಲ. ಆಮೇಲೆ ಹಳೇ ನೀರುಗಂಟಿ (ಕೆರೆ ನೀರು ಹಂಚುವವರು) ಒಬ್ಬರು, ಎಪ್ಪತ್ತು ದಾಟಿದೆ, ಮಳೆಯಲ್ಲೇ ನಮ್ಮನ್ನು ಕೆರೆಗೆ ನೀರು ತರುವ ಕಾಲುವೆ ಗುಂಟ ಕರೆದುಕೊಂಡು ಹೋದರು. ಮೈಲಿ ದೂರದಲ್ಲಿ ಒಂದು ಲೇಔಟ್. ಎಂಟಡಿ ಕಾಲುವೆಯನ್ನು ಒಂದೂವರೆ ಅಡಿ ಪೈಪಿಗೆ ತುರುಕಿದ್ದರು. ನೀರು ಪಕ್ಕದ ರಾಗಿ ಹೊಲಕ್ಕೆ ನುಗ್ಗುತ್ತಿತ್ತು. ಹಾಗಾಗಿ ಯೋಜನೆ ಬರೆಯುವ ಮುಂಚೆ ಜೋರು ಮಳೆಯಲ್ಲಿ ಒಮ್ಮೆ ನಡೆಯಿರಿ, ಕೆರೆಯಿಂದ ಕಾಲುವೆ ಗುಂಟ ಮೇಲಕ್ಕೆ.

ಸರ್ವೆ ಗೊತ್ತಿರುವವರು: ನಡೆಯುವಾಗ ಮೊಬೈಲಿನಲ್ಲಿ ದಿಶಾಂಕ್ ಆ್ಯಪ್ ಇರಲಿ, ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತದೆ. ಆದರೆ ಅದನ್ನೇ ನಂಬಿ ಜಗಳಕ್ಕೆ ಹೋಗಬೇಡಿ. ಸರ್ವೆಯರ್ ಬಂದು ಅಳೆದು ಕಲ್ಲು ನೆಟ್ಟರೆ ಮಾತ್ರ ಲೆಕ್ಕ. ಒತ್ತುವರಿ ಮಾಡಿದವರು ಬಹುತೇಕ ನೆಂಟರೇ ಆಗಿರುತ್ತಾರೆ, ಅದಕ್ಕೆ ಗ್ರಾಮಸಭೆಯಲ್ಲಿ ನಿರ್ಣಯ ಮಾಡಿಸಿ. ಇನ್ನೊಂದು, 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಪಂಚಾಯಿತಿಗೊಂದು ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಎಷ್ಟೋ ಕಡೆ ಹಾಳೆ ಮೇಲಷ್ಟೇ ಇರುತ್ತದೆ. ನಿಮ್ಮಲ್ಲಿ ಸದಸ್ಯರು ಯಾರು ಅಂತ ಮೊದಲು ಕೇಳಿ ನೋಡಿ, ತಮಾಷೆಯಾಗಿರುತ್ತದೆ.

ಹಕ್ಕಿ ನೋಡುವವರು: ಗೋಮಾಳ ಖಾಲಿ ಜಾಗ ಅಲ್ಲ, ದಯವಿಟ್ಟು ಗಿಡ ತುಂಬಬೇಡಿ. ಹೆಸರಘಟ್ಟದ ಹುಲ್ಲುಗಾವಲಿಗೆ ಚಳಿಗಾಲದಲ್ಲಿ ಒಮ್ಮೆ ಬನ್ನಿ. ದೂರದೇಶದಿಂದ ಬಂದ ಬೇಟೆ ಹಕ್ಕಿಗಳು ಹುಲ್ಲಿನ ಮೇಲೇ ತೇಲಾಡುತ್ತಿರುತ್ತವೆ. ಎಲ್ಲಿ ಯಾವ ಹುಲ್ಲು ಅಂತ ಕುರಿ ಕಾಯುವವರನ್ನು ಕೇಳಿ ಬರೆದುಕೊಳ್ಳಿ. ನೀಲಗಿರಿ ತೋಪು ಇದ್ದರೆ ಅದನ್ನೂ ಬರೆಯಿರಿ. ಹೊಸದಾಗಿ ನೆಡುವುದನ್ನು 2017ರಲ್ಲೇ ಸರ್ಕಾರ ನಿಷೇಧಿಸಿದೆ, ಹಳೆಯದು ಕಡಿದರೂ ಬುಡದಿಂದ ಚಿಗುರುತ್ತದೆ.

ಕೇಳಿದವರು: ತುಂಬಾ ಥ್ಯಾಂಕ್ಸ್. ನಾನೂ ಗಿಡದ ಪಟ್ಟಿಯಿಂದಲೇ ಶುರು ಮಾಡಿದ್ದೆ, ಸದ್ಯ ಪಕ್ಕಕ್ಕಿಟ್ಟೆ. ನಮ್ಮೂರಲ್ಲಿ ನೀರುಗಂಟಿ ಮನೆಯವರು ಯಾರಾದರೂ ಇದ್ದಾರಾ ಅಂತ ಅಮ್ಮನಿಗೆ ಫೋನ್ ಮಾಡಿದೆ. ನಮ್ಮ ಹಿಂದಿನ ಬೀದಿಯಲ್ಲೇ ಇದ್ದಾರಂತೆ.