‘ಹೊಮೊಲೊಗೇಶನ್’ಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ಫಾರ್ಮುಲಾ ಒನ್ ಎಂಜಿನ್ ನಿಯಮಗಳ ಬಗ್ಗೆ ಬರೆಯುತ್ತಿದ್ದೇನೆ. ‘ಹೊಮೊಲೊಗೇಶನ್’, ಅಂದರೆ ಕಾರು ಅಥವಾ ಎಂಜಿನ್ ನಿಯಮಕ್ಕೆ ತಕ್ಕಂತಿದೆ ಅಂತ ರೇಸಿಗೆ ಒಪ್ಪಿಸಿಕೊಳ್ಳೋದು, ಅನ್ನೋ ಪದದ ಹತ್ತಿರ ಬರವಣಿಗೆ ನಿಂತಿದೆ. ‘ಅನುಮೋದನೆ’, ‘ಮಾನ್ಯತೆ’ ಎರಡನ್ನೂ ಹಾಕಿ ನೋಡಿದೆ. ತಪ್ಪೇನಲ್ಲ, ಆದರೆ ಅರ್ಧ ಅರ್ಥವಷ್ಟೇ ಬರುತ್ತದೆ.

ಒಂದು ಉದಾಹರಣೆ ನೋಡಿ. 2022ರ ಮಾರ್ಚ್ 1ರ ಒಳಗೆ ತಯಾರಕರೆಲ್ಲ ತಮ್ಮ ಎಂಜಿನ್, ಟರ್ಬೊ ಹೇಗಿರುತ್ತವೆ ಅನ್ನೋದನ್ನು ಕಾರು ರೇಸುಗಳ ಆಡಳಿತ ಸಂಸ್ಥೆ ಎಫ್‌ಐಎಗೆ ಒಪ್ಪಿಸಬೇಕಿತ್ತು. ಬ್ಯಾಟರಿ ಮತ್ತು ಕಂಟ್ರೋಲ್ ಎಲೆಕ್ಟ್ರಾನಿಕ್ಸ್‌ಗೆ ಸೆಪ್ಟೆಂಬರ್ 1ರ ಗಡುವು. ಅಲ್ಲಿಂದ 2025ರ ಕೊನೆಯವರೆಗೆ ಶಕ್ತಿ ಹೆಚ್ಚಿಸೋ ಬದಲಾವಣೆ ಮಾಡುವಂತಿರಲಿಲ್ಲ. ಪದೇಪದೇ ಕೈಕೊಡುವ ಭಾಗವನ್ನು ಬದಲಿಸೋಕೂ ಅಪ್ಪಣೆ ಬೇಕಿತ್ತು. ಅಂದರೆ ಒಪ್ಪಿಗೆ ಸಿಕ್ಕ ಗಳಿಗೆಯಲ್ಲೇ ಬೀಗವೂ ಬಿತ್ತು. ‘ಅನುಮೋದನೆ’ಯಲ್ಲಿ ಆ ಬೀಗ ಕಾಣೋದಿಲ್ಲ, ಅಲ್ವಾ?

ಜಗಳವೆಲ್ಲ ಇರೋದು ಆ ಬೀಗದ ಬಗ್ಗೆಯೇ. 2021ರ ಕೊನೆಗೆ ಫಾರ್ಮುಲಾ ಒನ್ ಬಿಟ್ಟು ಹೊರಡುತ್ತೇವೆ ಅಂತ, ರೆಡ್ ಬುಲ್ ತಂಡಕ್ಕೆ ಎಂಜಿನ್ ಕೊಡುತ್ತಿದ್ದ ಹೋಂಡಾ 2020ರ ಅಕ್ಟೋಬರ್‌ನಲ್ಲಿ ಹೇಳಿತು. ಅದೇ ಎಂಜಿನ್ ಇಟ್ಟುಕೊಂಡು ಮುಂದುವರಿಯಬೇಕಿದ್ದ ರೆಡ್ ಬುಲ್, ಎಲ್ಲರ ಎಂಜಿನೂ ಇದ್ದಲ್ಲೇ ನಿಲ್ಲಲಿ ಅಂತ ಪಟ್ಟು ಹಿಡಿಯಿತು. 2021ರ ಫೆಬ್ರವರಿಯಲ್ಲಿ ಉಳಿದವರೂ ಒಪ್ಪಿದರು. ಪೆಟ್ಟು ಬಿದ್ದದ್ದು ರೆನೋಗೆ. ಶಕ್ತಿಯಲ್ಲಿ ಹಿಂದೆ ಬಿದ್ದಿದ್ದೇವೆ, ಸರಿದೂಗಿಸಿಕೊಡಿ ಅಂತ 2023ರಲ್ಲಿ ಕೇಳಿತು. ನಡೆಯಲಿಲ್ಲ. 2025ರ ಕೊನೆಗೆ ಫಾರ್ಮುಲಾ ಒನ್ ಎಂಜಿನ್ ಮಾಡೋದನ್ನೇ ಬಿಟ್ಟಿತು. ಅದರದೇ ತಂಡ ಆಲ್ಪೀನ್‌ಗೆ ಈಗ ಮರ್ಸಿಡಿಸ್ ಎಂಜಿನ್. ದಶಕಗಳ ಕಾಲ ಎಂಜಿನ್ ಕಟ್ಟಿದ ಸಂಸ್ಥೆಗೆ ಹೀಗಾಗಬಾರದಿತ್ತು ಅಂತ ನನಗೆ ಈಗಲೂ ಅನಿಸುತ್ತದೆ.

ಇದೇ ಪದಕ್ಕೆ ಇನ್ನೊಂದು, ಹಳೇ ಅರ್ಥವೂ ಇದೆ. 1969ರಲ್ಲಿ ಪೋರ್ಷೆ 917 ರೇಸಿಗೆ ಇಳಿಯಬೇಕಾದರೆ 25 ಕಾರು ಕಟ್ಟಿ ತೋರಿಸಬೇಕಿತ್ತು. ಪೋರ್ಷೆ ಅಷ್ಟನ್ನೂ ಕಾರ್ಖಾನೆಯ ಮುಂದೆ ಸಾಲಾಗಿ ನಿಲ್ಲಿಸಿತು. ಫೆರಾರಿ 250 ಜಿಟಿಒ ಹೆಸರಿನ ಕೊನೆಯ ‘ಒ’ ಕೂಡ ಇದೇ ಪದದ ಇಟಾಲಿಯನ್ ರೂಪದ ಮೊದಲಕ್ಷರ. ಅಲ್ಲಿ ಬೇಕಿದ್ದದ್ದು ನೂರು ಕಾರು. ಫೆರಾರಿ ಅದರ ಅರ್ಧದಷ್ಟೂ ಕಟ್ಟಲಿಲ್ಲ. ಇದು ಹಳೇ 250 ಜಿಟಿಯದೇ ಮುಂದುವರಿಕೆ ಅಂತ ವಾದಿಸಿ ಒಪ್ಪಿಸಿಕೊಂಡಿತು. ಇಂಥ ಕಡೆ ‘ಮಾನ್ಯತೆ’ ಸಾಕು.

ಫಾರ್ಮುಲಾ ಒನ್ ಅರ್ಥಕ್ಕೆ ‘ಮೊಹರು’ ಚೆನ್ನಾಗಿತ್ತು. ಆದರೆ ಎಂಜಿನ್ ಬಿಚ್ಚದಂತೆ ಎಫ್‌ಐಎ ನಿಜವಾಗಲೂ ಮೊಹರು ಹಾಕುತ್ತದೆ. ಆ ಪದ ಅದಕ್ಕೇ ಇರಲಿ. ‘ಸ್ಥಗಿತ’ ಅಂತೂ ಬೇಡವೇ ಬೇಡ. ‘ಎಂಜಿನ್ ಸ್ಥಗಿತ’ ಅಂದರೆ ಕಾರು ಟ್ರ್ಯಾಕ್ ಮೇಲೆ ಕೆಟ್ಟು ನಿಂತಿತು ಅಂತಲೇ ಓದುಗರು ತಿಳಿಯುತ್ತಾರೆ.

ನನಗೆ ಹಿಡಿಸಿದ್ದು ‘ಕಾಯಂ’. ಕೆಲಸ ಕಾಯಂ ಆಯ್ತು ಅಂದಾಗ ಒಪ್ಪಿಗೆಯೂ ಸಿಕ್ಕಿತು, ಇನ್ನು ಅಲುಗಾಡೋದಿಲ್ಲ ಅಂತಲೂ ಆಯಿತು. ‘ಮಾರ್ಚ್ 1ಕ್ಕೆ ಎಂಜಿನ್ ಕಾಯಂ ಮಾಡಬೇಕು’, ‘ಕಾಯಂ ಮಾಡಿದ ಮಾದರಿ’ ಅಂತೆಲ್ಲ ಸಲೀಸಾಗಿ ಬರೆಯಬಹುದು. ಆ ಬೀಗಕ್ಕೆ ಇಂಗ್ಲಿಷಿನಲ್ಲಿ ಹೇಳೋ ‘ಫ್ರೀಜ್’ಗೆ ‘ಬದಲಾವಣೆಗೆ ತಡೆ’ ಸಾಕು ಅನಿಸುತ್ತದೆ.

ಒಂದು ತೊಡಕು ಮಾತ್ರ ಉಳಿದಿದೆ. 2026ರ ನಿಯಮದಲ್ಲಿ, ಎಂಜಿನ್ ಶಕ್ತಿಯಲ್ಲಿ ಜಾಸ್ತಿ ಹಿಂದುಳಿದವರಿಗೆ ಕಾಯಂ ಆದ ಮಾದರಿಯನ್ನು ಮತ್ತೆ ತಿದ್ದೋ ಅವಕಾಶ ಇದೆ. ತಿದ್ದೋದಕ್ಕೆ ಜಾಗ ಇದ್ದರೂ ‘ಕಾಯಂ’ ಅನ್ನಬಹುದಾ? ಆ ಹೆಚ್ಚುವರಿ ಅವಕಾಶಕ್ಕೆ ‘ರಿಯಾಯಿತಿ’ ಅಂದರೆ ದಯೆ ತೋರಿಸಿದ ಹಾಗೆ ಕೇಳುತ್ತದೆ, ಅದು ನಿಯಮ ಕೊಟ್ಟ ಹಕ್ಕು. ಬೇರೆ ಪದ ಹೊಳೆದರೆ ವಾಕ್ಯದಲ್ಲಿ ಬಳಸಿ ತೋರಿಸಿ.