ಪದ ಬೇಕು: ಐಸ್ ಹಾಕಿಯ ‘ಸ್ಯಾಲರಿ ಕ್ಯಾಪ್’, ‘ಟ್ರೇಡ್’, ‘ರೈವಲ್’ – ಗುರುವಾರದೊಳಗೆ

ಟೊರೊಂಟೊದಿಂದ, ಸೋಮವಾರ

ಗೆಳೆಯರೇ,

ಇಲ್ಲಿನ ಕನ್ನಡ ಕೂಟದ ರಾಜ್ಯೋತ್ಸವ ಸಂಚಿಕೆಗೆ ಐಸ್ ಹಾಕಿಯ ಬಗ್ಗೆ ನಾಲ್ಕು ಪುಟ ಬರೆಯಲು ಒಪ್ಪಿಕೊಂಡಿದ್ದೇನೆ. ಊರಿನಿಂದ ಬಂದು ಚಳಿಗೆ ಹೆದರಿ ಮಕ್ಕಳ ಮನೆಯ ಸೋಫಾ ಬಿಟ್ಟೇಳದ ಹಿರಿಯರಿಗೆ, ಟಿವಿಯಲ್ಲಿ ಏನು ನಡೆಯುತ್ತಿದೆ ಅಂತ ಗೊತ್ತಾಗಲಿ ಎಂಬ ಆಸೆ. ಶುಕ್ರವಾರ ಬೆಳಗ್ಗೆ ಅಚ್ಚಿಗೆ ಹೋಗುತ್ತದೆ. ಗೋಲು, ಪೆನಾಲ್ಟಿ ಎಲ್ಲ ಹಾಗೇ ಬಿಟ್ಟಿದ್ದೇನೆ. ಸಿಕ್ಕಿಹಾಕಿಕೊಂಡಿರುವುದು ಮೂರು ಕಡೆ.

ಮೊದಲನೆಯದು ‘ಸ್ಯಾಲರಿ ಕ್ಯಾಪ್’. ಎನ್‌ಎಚ್‌ಎಲ್ ಅಂದರೆ ಅಮೆರಿಕ-ಕೆನಡಾ ತಂಡಗಳ ಐಸ್ ಹಾಕಿ ಲೀಗ್. ಅದರಲ್ಲಿ ಒಂದು ತಂಡ ತನ್ನ ಆಟಗಾರರಿಗೆಲ್ಲ ಸೇರಿ ವರ್ಷಕ್ಕೆ ಇಷ್ಟೇ ಸಂಬಳ ಕೊಡಬಹುದು ಅಂತ ಗೆರೆ ಎಳೆದಿದ್ದಾರೆ. 2025-26ಕ್ಕೆ 9 ಕೋಟಿ 55 ಲಕ್ಷ ಡಾಲರ್. ಕಂಪ್ಯೂಟರ್ ಅನುವಾದಕ್ಕೆ ಕೊಟ್ಟರೆ ‘ಸಂಬಳದ ಟೋಪಿ’ ಅಂತ ಬಂತು. ನಾನು ಇಲ್ಲಿನ ಟೊರೊಂಟೊ ತಂಡ ಮೇಪಲ್ ಲೀಫ್ಸ್‌ನ ಅಭಿಮಾನಿ. ಒಂದು ಗಳಿಗೆ ಇದನ್ನೇ ಇಟ್ಟುಕೊಳ್ಳೋಣ ಅನ್ನಿಸಿತು. ಕಳೆದ ಸೀಸನ್‌ನ ಗೆರೆ 8 ಕೋಟಿ 80 ಲಕ್ಷ ಇತ್ತು. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಮ್ಯಾಥ್ಯೂಸ್, ನೈಲ್ಯಾಂಡರ್, ಟವಾರೆಸ್, ಮಾರ್ನರ್ – ಈ ನಾಲ್ವರಿಗೇ ಹೋಯಿತು. ಮಿಕ್ಕವರನ್ನು ಉಳಿದ ಚಿಲ್ಲರೆಯಲ್ಲಿ ಹೊಂದಿಸಬೇಕು. ನಾವು ಲೀಗ್‌ನ ಕಪ್ ಕೊನೆಯ ಸಲ ಗೆದ್ದದ್ದು 1967ರಲ್ಲಿ. ಅಲ್ಲಿಂದ ಬರೀ ಟೋಪಿಯೇ.

ಎರಡನೆಯದು ‘ಟ್ರೇಡ್’. ಹೋದ ವರ್ಷ ಬಂದಾಗ ಮಾರ್ನರ್ ಹೆಸರು ಕಲಿತಿದ್ದ ನಮ್ಮ ಮಾವ, ಹಾಸನದ ಕಡೆಯವರು, ಈ ಸಲ ಅವನನ್ನು ವೇಗಸ್ ತಂಡದ ಅಂಗಿಯಲ್ಲಿ ನೋಡಿ ಕಡ್ಲೆಪುರಿ ಕೈಯಲ್ಲೇ ಹಿಡಿದುಕೊಂಡು ‘ಮಾರಿಬಿಟ್ರಾ ಅವನನ್ನ?’ ಅಂದರು. ಮಾರಲಿಲ್ಲ ಮಾವ, ಅವನನ್ನು ಕೊಟ್ಟು ನಿಕೊಲಾ ರುವಾ ಅನ್ನುವವನನ್ನು ತಗೊಂಡರು ಅಂದೆ. ‘ಎತ್ತು ಬದಲಾಯಿಸ್ಕೊಂಡಂಗೆ’ ಅಂದರು. ನನಗೆ ಮುಂದೆ ಮಾತು ಹೊರಡಲಿಲ್ಲ.

ಮೂರನೆಯದು ‘ರೈವಲ್’. ಎದುರಾಳಿ ಅಂದರೆ ಇವತ್ತು ಎದುರಿಗೆ ನಿಂತವನು, ಅಷ್ಟೇ ಅಲ್ವಾ? ಟೊರೊಂಟೊ-ಮಾಂಟ್ರಿಯಲ್ ಹಾಗಲ್ಲ. 1917ರಲ್ಲಿ ಲೀಗ್ ಹುಟ್ಟಿದಾಗಿನಿಂದ ಎರಡೂ ಊರಿಗೆ ಆಗಿಬರುವುದಿಲ್ಲ. ಅವರ ಕಪ್ 24, ನಮ್ಮದು 13. ಈ ಲೆಕ್ಕವನ್ನು ಅಲ್ಲಿನವರು ಲಿಫ್ಟಿನಲ್ಲಿ ಸಿಕ್ಕರೂ ಹೇಳುತ್ತಾರೆ.

ದಯವಿಟ್ಟು ಪದ ಕೊಡಿ.

*

ಬೆಂಗಳೂರಿನಿಂದ, ಮಂಗಳವಾರ

ವೇತನ ಮಿತಿ. ಆಟಗಾರರ ವಿನಿಮಯ. ಸಾಂಪ್ರದಾಯಿಕ ಎದುರಾಳಿ. ಇಪ್ಪತ್ತು ವರ್ಷ ಕ್ರೀಡಾಪುಟ ನೋಡಿಕೊಂಡವನು ನಾನು. ಇದಕ್ಕೆ ಚರ್ಚೆ ಬೇಕಿಲ್ಲ.

*

ದಾವಣಗೆರೆಯಿಂದ, ಮಂಗಳವಾರ

ಮೇಲಿನ ಮೂರು ಉತ್ತರದಲ್ಲಿ ‘ಆಟಗಾರ’ ಬಿಟ್ಟರೆ ಕನ್ನಡ ಎಂಬುದು ‘ಎದುರಾಳಿ’ ಒಂದೇ. ವೇತನ, ಮಿತಿ, ವಿನಿಮಯ, ಸಾಂಪ್ರದಾಯಿಕ ಎಲ್ಲ ಸಂಸ್ಕ್ರುತ. ಬಾಶೆ ಬೆಳೆಯುವುದು ಹೀಗಲ್ಲ.

‘ಕೂಲಿಯೆಲ್ಲೆ’ ಎನ್ನಿ. ಎಲ್ಲೆ ನಮ್ಮದು, ತಮಿಳಿನ ಎಲ್ಲೈ ಇದರ ಒಡಹುಟ್ಟು. ಟ್ರೇಡಿಗೆ ಹೊಸ ಪದವೇ ಬೇಡ. ನಿಮ್ಮ ಮಾವ ಸರಿಯಾಗಿಯೇ ಹೇಳಿದ್ದಾರೆ, ತಿದ್ದಲು ಹೋದ ನೀವೇ ತಪ್ಪು. ‘ಮಾಱು’ ಎಂಬುದರ ಮೊದಲ ಅರ್ತ ಬದಲಾಗು, ಬದಲಿಸು. ಮಾರ್ಪಡು, ಮಾರ್ದನಿ, ಮಾರ್ನುಡಿ ನೋಡಿ. ತಮಿಳಿನಲ್ಲಿ ಇವತ್ತಿಗೂ ಅದೇ ಅರ್ತ. ದುಡ್ಡಿಗೆ ಕೊಡುವುದು ಎಂಬ ಅರ್ತ ಆಮೇಲೆ ಬಂದದ್ದು. ಆದ್ದರಿಂದ ‘ಆಟಗಾರರ ಮಾರು’.

*

ಧಾರವಾಡದಿಂದ, ಮಂಗಳವಾರ

ಅಲ್ರೀ, ಕೂಲಿ? ಆ ಮ್ಯಾಥ್ಯೂಸ್‌ಗೆ ವರ್ಷಕ್ಕೆ 1 ಕೋಟಿ 32 ಲಕ್ಷದ 50 ಸಾವಿರ ಡಾಲರ್. ಅದನ್ನು ಕೂಲಿ ಅಂದರೆ ಕೂಲಿಯವರು ನಗುತ್ತಾರೆ. ‘ಆಟಗಾರರ ಮಾರು’ ಅಂದರೆ ಎರಡು ಕೈ ಚಾಚಿ ಹೂ ಅಳೆದ ಹಾಗೆ ಕೇಳಿಸುತ್ತದೆ.

ಸಂಬಳ ಎಂಬ ಒಳ್ಳೆಯ ಪದ ಬಾಯಲ್ಲಿರುವಾಗ ವೇತನ ಏಕೆ ಎಂಬುದು ನನ್ನ ಪ್ರಶ್ನೆ. ಸಂಸ್ಕೃತದಲ್ಲಿ ಶಂಬಲ ಅಂದರೆ ದಾರಿಬುತ್ತಿ. ಊರು ಬಿಟ್ಟು ಹೊರಟವನಿಗೆ ಕಟ್ಟಿಕೊಡುವ ರೊಟ್ಟಿ ಗಂಟು. ಅದು ನಮ್ಮಲ್ಲಿ ತಿಂಗಳ ದುಡ್ಡಾಯಿತು. ಊರೂರು ಸುತ್ತಿ ಆಡುವವನಿಗೆ ಇದಕ್ಕಿಂತ ಹೊಂದುವ ಪದ ಎಲ್ಲಿದೆ?

*

ಕೋಲಾರದಿಂದ, ಮಂಗಳವಾರ

ಸಂಬಳ = ಸಂಬಾ ಭತ್ತ + ಅಳ, ಅಂದರೆ ಉಪ್ಪು. ಕೆಲಸದವರಿಗೆ ಭತ್ತ, ಉಪ್ಪು ಕೊಡುತ್ತಿದ್ದರು. ಇಂಗ್ಲಿಷಿನ ಸ್ಯಾಲರಿಯೂ ಲ್ಯಾಟಿನ್ನಿನ ಉಪ್ಪಿನಿಂದಲೇ ಬಂದದ್ದು. ಎರಡೂ ಒಂದೇ.

*

ಧಾರವಾಡದಿಂದ, ಮಂಗಳವಾರ

ಲ್ಯಾಟಿನ್ ಮಾತು ಸರಿ, ಸಂಬಾ ಮಾತು ಕಟ್ಟುಕತೆ. ತಮಿಳು ಗುಂಪುಗಳಲ್ಲಿ ಇದು ವಾರಕ್ಕೊಮ್ಮೆ ಸುತ್ತುತ್ತದೆ. ನಿಲ್ಲಿಸಿ.

*

ಸಾಗರದಿಂದ, ಬುಧವಾರ

ಕೇಳಿದವರಿಗೆ ಗುರುವಾರದೊಳಗೆ ಪದ ಬೇಕು ಅಂತ ಮೇಲೆ ಬರೆದಿದೆ, ಯಾರೂ ಓದಿದ ಹಾಗಿಲ್ಲ.

ನಮ್ಮ ಕಡೆ ಈ ಪದ ಐವತ್ತು ವರ್ಷದಿಂದ ಇದೆ: ‘ಭೂಮಿತಿ’. 1974ರಲ್ಲಿ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿ ಬಂದಾಗ ಒಂದು ಕುಟುಂಬಕ್ಕೆ ಇಷ್ಟೇ ಎಕರೆ ಅಂತ ಕಟ್ಟು ಹಾಕಿದರಲ್ಲ, ಅದು. ಸ್ಯಾಲರಿ ಕ್ಯಾಪಿನ ಹಾಗೆಯೇ, ಒಬ್ಬೊಬ್ಬನ ಲೆಕ್ಕವಲ್ಲ, ಇಡೀ ಮನೆಯ ಲೆಕ್ಕ. ‘ವೇತನ ಮಿತಿ’ ಅಂದರೆ ಒಬ್ಬೊಬ್ಬ ಆಟಗಾರನಿಗೂ ಮಿತಿ ಇದ್ದಂತೆ ಕೇಳಿಸುತ್ತದೆ. ‘ತಂಡದ ಸಂಬಳ ಮಿತಿ’ ಅನ್ನಿ.

ಇನ್ನೊಂದು. ಕೆಳಗೂ ಒಂದು ಗೆರೆ ಇದೆಯಾ? ಇದ್ದರೆ ಮೇಲ್ಮಿತಿ, ಕೆಳಮಿತಿ ಅಂತ ಜೋಡಿ ಮಾಡಬಹುದು.

ಭೂಮಿತಿ ಬಂದಾಗ ಕೆಲವರು ಜಮೀನನ್ನು ಕೆಲಸದಾಳಿನ ಹೆಸರಿಗೂ ಬರೆಸಿದ್ದರು. ನಿಮ್ಮ ಹಾಕಿಯಲ್ಲೂ ಅಂಥದ್ದು ಇರಲೇಬೇಕು.

*

ಟೊರೊಂಟೊದಿಂದ, ಬುಧವಾರ

ಸಾಗರದವರೇ, ನೀವು ಹಾಕಿ ನೋಡದೆಯೇ ಹಾಕಿ ಅರ್ಥ ಮಾಡಿಕೊಂಡಿದ್ದೀರಿ.

ಕೆಳಗೆರೆ ಇದೆ. ಈ ಸೀಸನ್‌ಗೆ 7 ಕೋಟಿ 6 ಲಕ್ಷ ಡಾಲರ್. ಅದಕ್ಕಿಂತ ಕಡಿಮೆ ಕೊಟ್ಟು ಮಾಲೀಕ ದುಡ್ಡು ಉಳಿಸುವಂತಿಲ್ಲ. ಒಬ್ಬೊಬ್ಬನಿಗೂ ಒಂದು ಮಿತಿ ಬೇರೆ ಇದೆ, ತಂಡದ ಮಿತಿಯ ಶೇ. 20. ಹಾಗಾಗಿ ನೀವು ಹೇಳಿದ ಗೊಂದಲ ನಿಜವಾದದ್ದೇ. ಈ ಪದ್ಧತಿ ಶುರುವಾದದ್ದು 2005ರಲ್ಲಿ, 3 ಕೋಟಿ 90 ಲಕ್ಷದಿಂದ. ಅದಕ್ಕೂ ಮುಂಚೆ ಮಾಲೀಕರಿಗೂ ಆಟಗಾರರಿಗೂ ಇದೇ ವಿಷಯಕ್ಕೆ ಜಗಳವಾಗಿ 2004-05ರ ಸೀಸನ್ ಪೂರ್ತಿ ರದ್ದಾಯಿತು. ಒಂದು ಪಂದ್ಯವೂ ನಡೆಯಲಿಲ್ಲ.

ಇನ್ನು ಆಳಿನ ಹೆಸರಿಗೆ ಬರೆಸುವ ಕತೆ. ದೀರ್ಘಕಾಲ ಗಾಯಗೊಂಡವನು ಅಂತ ಪಟ್ಟಿಗೆ ಸೇರಿಸಿದರೆ ಅವನ ಸಂಬಳದ ಮಟ್ಟಿಗೆ ತಂಡ ಮಿತಿ ದಾಟಬಹುದು. 2020-21ರಲ್ಲಿ ಟ್ಯಾಂಪಾ ಬೇ ತಂಡದ ಕುಚೆರೊವ್ ಸೊಂಟದ ಆಪರೇಷನ್ ಆಗಿ 56 ಲೀಗ್ ಪಂದ್ಯಗಳಲ್ಲಿ ಒಂದನ್ನೂ ಆಡಲಿಲ್ಲ. ತಂಡದ ಮೊದಲ ಪ್ಲೇಆಫ್ ಪಂದ್ಯಕ್ಕೇ ಸ್ಕೇಟ್ ಕಟ್ಟಿಕೊಂಡು ಇಳಿದ. ಪ್ಲೇಆಫ್‌ನಲ್ಲಿ ಮಿತಿಯ ಲೆಕ್ಕವೇ ಇರಲಿಲ್ಲ. ಕಪ್ ಗೆದ್ದರು. ಆಮೇಲೆ ಅವನು ಹಾಕಿಕೊಂಡ ಟೀ ಶರ್ಟಿನ ಮೇಲೆ ‘ಮಿತಿಗಿಂತ 1 ಕೋಟಿ 80 ಲಕ್ಷ ಮೇಲೆ’ ಅಂತ ಬರೆದಿತ್ತು. ನಿಯಮದಲ್ಲಿ ತಪ್ಪಿರಲಿಲ್ಲ, ಆದರೆ ಹೊಟ್ಟೆ ಉರಿಯಿತು. ಈ ಸೀಸನ್‌ನಿಂದ ಪ್ಲೇಆಫ್‌ಗೂ ಲೆಕ್ಕ ತಂದಿದ್ದಾರೆ.

ಮೇಲ್ಮಿತಿ ಚೆನ್ನಾಗಿದೆ. ಅದನ್ನೇ ಹಾಕಲಾ?

*

ಮೈಸೂರಿನಿಂದ, ಬುಧವಾರ

ಹಾಕಬೇಡಿ. ‘ಮೇಲ್’ ಕನ್ನಡ, ‘ಮಿತಿ’ ಸಂಸ್ಕೃತ. ಅರಿಸಮಾಸ. ‘ಗರಿಷ್ಠ ಮಿತಿ’ ಎನ್ನಿ.

*

ಸಾಗರದಿಂದ, ಬುಧವಾರ

ಮೇಷ್ಟ್ರೇ, ಹಾಗಾದರೆ ಮೇಲ್ವಿಚಾರಕ, ಮೇಲ್ವರ್ಗ, ಮೇಲ್ಜಾತಿ ಇವೆಲ್ಲ ನಾಳೆಯಿಂದ ಬಂದ್? ಕೇಶಿರಾಜನೇ ಬಿರುದಾವಳಿಗೂ ಹಿಂದಿನವರ ಬಳಕೆಗೂ ವಿನಾಯಿತಿ ಕೊಟ್ಟಿದ್ದಾನೆ. ಹಾಕಿಗೂ ಕೊಡುತ್ತಿದ್ದ.

*

ಮೈಸೂರಿನಿಂದ, ಬುಧವಾರ

ತಪ್ಪು ಬಳಕೆಯಲ್ಲಿದೆ ಎಂದ ಮಾತ್ರಕ್ಕೆ ಸರಿಯಾಗುವುದಿಲ್ಲ. ನನ್ನದು ಇಷ್ಟೇ.

*

ತುಮಕೂರಿನಿಂದ, ಬುಧವಾರ

ಎಲ್ಲರಿಗೂ ನಮಸ್ಕಾರ. ನಾನು ಹೈಸ್ಕೂಲಿನಲ್ಲಿ ಪಾಠ ಮಾಡುವವಳು. ‘ಟ್ರೇಡ್’ ಅಂದರೆ ನಮ್ಮ ಇಲಾಖೆಯ ‘ಪರಸ್ಪರ ವರ್ಗಾವಣೆ’ ತಾನೇ? ನಾನು ನಿಮ್ಮ ಶಾಲೆಗೆ, ನೀವು ನನ್ನ ಶಾಲೆಗೆ. ಅಲ್ಲದೆ ನಿಮ್ಮ ಹುಡುಗರ ಪಾಡೂ ನಮ್ಮ ಪಾಡೂ ಒಂದೇ ಅನ್ನಿಸಿತು. ರಾತ್ರಿ ಊಟಕ್ಕೆ ಕೂತಾಗ ಫೋನ್ ಬರುತ್ತದೆ, ಬೆಳಗ್ಗೆ ಬೇರೆ ಊರು. ಮಕ್ಕಳ ಟಿಸಿ, ಬಾಡಿಗೆ ಮನೆ, ಎಲ್ಲ ಹೆಂಡತಿಯ ತಲೆ ಮೇಲೆ.

*

ಟೊರೊಂಟೊದಿಂದ, ಬುಧವಾರ ತಡರಾತ್ರಿ

ಮೇಡಂ, ನೀವು ಹೇಳಿದ್ದು ಮನಸ್ಸಿಗೆ ನಾಟಿತು. ಹೋದ ಸೀಸನ್‌ನಲ್ಲಿ ರಾಂಟನೆನ್ ಅನ್ನುವವನು ಜನವರಿಯಲ್ಲಿ ಕೊಲರಾಡೊದಿಂದ ಕ್ಯಾರೊಲೈನಾಗೆ ಹೋದ, ಮಾರ್ಚ್‌ನಲ್ಲಿ ಅಲ್ಲಿಂದ ಡಲಾಸ್‌ಗೆ. ಒಂದೇ ಚಳಿಗಾಲದಲ್ಲಿ ಮೂರು ಊರು. ಒಪ್ಪಂದದಲ್ಲಿ ‘ನನ್ನನ್ನು ಕೇಳದೆ ಕಳಿಸುವಂತಿಲ್ಲ’ ಅಂತ ಬರೆಸಿಕೊಂಡ ದೊಡ್ಡ ಆಟಗಾರರಿಗೆ ಮಾತ್ರ ಈ ತಾಪತ್ರಯ ಇಲ್ಲ.

ಆದರೆ ಒಂದು ತೊಡಕಿದೆ. ಯಾವಾಗಲೂ ಮನುಷ್ಯನಿಗೆ ಮನುಷ್ಯ ಬರುವುದಿಲ್ಲ. ಎಷ್ಟೋ ಸಲ ಆಟಗಾರನನ್ನು ಕೊಟ್ಟು, ಮುಂದಿನ ವರ್ಷ ಹೊಸ ಹುಡುಗರಲ್ಲಿ ಒಬ್ಬನನ್ನು ಆರಿಸಿಕೊಳ್ಳುವ ಸರದಿ ತಗೊಳ್ಳುತ್ತಾರೆ. ಆ ಹುಡುಗ ಇನ್ನೂ ಕಾಲೇಜಿನಲ್ಲೋ ಜೂನಿಯರ್ ತಂಡದಲ್ಲೋ ಇರುತ್ತಾನೆ. ಇದಕ್ಕೆ ‘ಪರಸ್ಪರ’ ಹೊಂದುವುದಿಲ್ಲ.

ದಾವಣಗೆರೆಯವರಿಗೆ ಒಂದು ಮಾತು ಒಪ್ಪಿಸಿಬಿಡುತ್ತೇನೆ. ಮಾವನಿಗೆ ‘ಮಾರಲಿಲ್ಲ’ ಅಂದೆನಲ್ಲ, ಯಾವಾಗಲೂ ಅದು ನಿಜವಲ್ಲ. 1988ರ ಆಗಸ್ಟ್ 9ರಂದು ಐಸ್ ಹಾಕಿಯ ದಂತಕತೆ ಗ್ರೆಟ್ಸ್ಕಿಯನ್ನು ಎಡ್ಮಂಟನ್ ತಂಡ ಲಾಸ್ ಏಂಜಲಿಸ್‌ಗೆ ಕಳಿಸಿದಾಗ, ಇಬ್ಬರು ಆಟಗಾರರು, ಮೂರು ಸರದಿ, ಅದರ ಮೇಲೆ 1 ಕೋಟಿ 50 ಲಕ್ಷ ಡಾಲರ್ ನಗದು ಎಡ್ಮಂಟನ್ ಕೈಸೇರಿತು. ಅವನ ಮದುವೆಯಾಗಿ ಇನ್ನೂ ತಿಂಗಳಾಗಿರಲಿಲ್ಲ. ಮಾರಾಟ ಅಂದರೆ ತಪ್ಪಿಲ್ಲ.

*

ದಾವಣಗೆರೆಯಿಂದ, ಗುರುವಾರ

ನಾನು ಹೇಳಿದ್ದು ಮಾರಾಟವಲ್ಲ, ಮಾರು. ಇನ್ನೊಮ್ಮೆ ಓದಿ.

*

ಬೆಂಗಳೂರಿನಿಂದ, ಗುರುವಾರ

ಒಂದು ಕಾಲಕ್ಕೆ ನಾವು ವಿಕೆಟ್‌ಗೆ ‘ಹುದ್ದರಿ’ ಅಂತ ಬರೆದೆವು. ಬೀದಿಯಲ್ಲಿ ಆಡುವ ಯಾವ ಹುಡುಗನ ಬಾಯಿಂದಲೂ ಅದು ಬಂದದ್ದನ್ನು ನಾನು ಕೇಳಿಲ್ಲ. ‘ದಾಂಡಿಗ’ ನಿಂತಿತು. ಯಾವುದು ನಿಲ್ಲುತ್ತದೆ, ಯಾವುದು ಬೀಳುತ್ತದೆ ಅಂತ ವ್ಯಾಕರಣ ಹೇಳುವುದಿಲ್ಲ. ಐಪಿಎಲ್ ಬಂದ ಮೇಲೆ ನಮ್ಮ ಓದುಗರೇ ‘ಪರ್ಸ್‌ನಲ್ಲಿ ಎಷ್ಟು ಉಳಿದಿದೆ’ ಅಂತ ಕೇಳುತ್ತಾರೆ. 2023ರಲ್ಲಿ ಪಾಂಡ್ಯ ಗುಜರಾತಿನಿಂದ ಮುಂಬೈಗೆ ಹೋದಾಗ ‘ಟ್ರೇಡ್’ ಅಂತಲೇ ಬರೆದೆವು, ಎಲ್ಲರಿಗೂ ತಿಳಿಯಿತು. ‘ಕೂಲಿಯೆಲ್ಲೆ’ ಅಂತ ಬರೆದಿದ್ದರೆ ಕೃಷಿ ಪುಟಕ್ಕೆ ಕಳಿಸುತ್ತಿದ್ದರು.

*

ದಾವಣಗೆರೆಯಿಂದ, ಗುರುವಾರ

ನಿಮ್ಮಂತವರ ಸೋಮಾರಿತನಕ್ಕೆ ‘ಬಳಕೆ’ ಎಂಬ ಹೆಸರು. ಎಲ್ಲವನ್ನೂ ಹಾಗೇ ತಂದು ಸುರಿಯುವುದಾದರೆ ಕನ್ನಡಕ್ಕೆ ಉಳಿಯುವುದು ವಿಬಕ್ತಿ ಮಾತ್ರ.

*

ಧಾರವಾಡದಿಂದ, ಗುರುವಾರ

ಉಳಿಯಲಿ ಬಿಡ್ರಿ, ವಿಭಕ್ತಿ ಅಂದರೆ ಸಣ್ಣದೇನು? ‘ಟ್ರೇಡಿನಿಂದ’ ಅಂದಕೂಡಲೇ ಅದು ಕನ್ನಡ.

*

ಮಡಿಕೇರಿಯಿಂದ, ಗುರುವಾರ

ನಾಲ್ಕು ದಿನದಿಂದ ಓದುತ್ತಿದ್ದೇನೆ. ಒಂದು ವಿನಂತಿ: ಬರೀ ‘ಹಾಕಿ’ ಅಂತ ಹಾಕಬೇಡಿ. ನಮಗೆ ಹಾಕಿ ಅಂದರೆ ಮೈದಾನದ್ದು. ನಿಮ್ಮದು ‘ಐಸ್ ಹಾಕಿ’. ಅದರ ಆ ಕಪ್ಪು ರಬ್ಬರ್ ತುಂಡಿಗೆ ಏನಂತ ಬರೆದಿದ್ದೀರಿ? ಚೆಂಡು ಅಂದರೆ ಸುಳ್ಳಾಗುತ್ತದೆ. ‘ಬಿಲ್ಲೆ’ ಅನ್ನಿ.

ಟ್ರೇಡಿನ ಜಗಳ ನಮಗಿಲ್ಲ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಶುರುಮಾಡಿದ ಕೊಡವ ಕುಟುಂಬಗಳ ಹಾಕಿಯಲ್ಲಿ ಒಂದು ಒಕ್ಕಕ್ಕೆ ಒಂದು ತಂಡ. ಮನೆಹೆಸರೇ ತಂಡದ ಹೆಸರು. ಎಷ್ಟು ಚೆನ್ನಾಗಿ ಆಡಿದರೂ ಪಕ್ಕದ ಮನೆಯವನನ್ನು ತಂದುಕೊಳ್ಳುವ ಹಾಗಿಲ್ಲ. ಸಂಬಳವೂ ಇಲ್ಲ, ಮಿತಿಯೂ ಇಲ್ಲ.

ರೈವಲ್‌ಗೆ ಯಾರೂ ಸರಿಯಾಗಿ ಉತ್ತರ ಕೊಟ್ಟಿಲ್ಲ. ‘ದಾಯಾದಿ’. ಬೇಲಿ ಒಂದೇ, ಹಬ್ಬ ಒಂದೇ, ಮಾತು ಮಾತ್ರ ಇಲ್ಲ.

*

ಮೈಸೂರಿನಿಂದ, ಗುರುವಾರ

ದಾಯಾದಿ ಎಂದರೆ ಆಸ್ತಿಯಲ್ಲಿ ಪಾಲು ಇರುವವನು. ಹಾಕಿ ತಂಡಕ್ಕೆ ಯಾವ ಆಸ್ತಿ?

*

ಸಾಗರದಿಂದ, ಗುರುವಾರ

ಗೆಲ್ಲುವ ಕಪ್, ಮೇಷ್ಟ್ರೇ. ಇರುವುದು ಒಂದೇ.

*

ಟೊರೊಂಟೊದಿಂದ, ಶುಕ್ರವಾರ ಬೆಳಗ್ಗೆ

ಎಲ್ಲರಿಗೂ ಥ್ಯಾಂಕ್ಸ್. ಈಗ ತಾನೇ ಕಳಿಸಿದೆ. ಹೀಗೆ ಹೋಗಿದೆ:

‘ಸಂಬಳದ ಮೇಲ್ಮಿತಿ’, ‘ಸಂಬಳದ ಕೆಳಮಿತಿ’. ಮೈಸೂರಿನ ಮೇಷ್ಟ್ರು ಕ್ಷಮಿಸಬೇಕು. ಮೊದಲ ಸಲ ಬಂದ ಕಡೆ ‘ಇಡೀ ತಂಡಕ್ಕೆ ಸೇರಿ’ ಅಂತ ಬಿಡಿಸಿ ಬರೆದಿದ್ದೇನೆ. ಟ್ರೇಡಿಗೆ ‘ಅದಲುಬದಲು’. ನೀವ್ಯಾರೂ ಕೊಟ್ಟದ್ದಲ್ಲ, ಎತ್ತಿನ ಮಾತು ಬಂದಾಗ ಮಾವನೇ ಹೇಳಿದ್ದು. ಸಂತೆಯಲ್ಲಿ ಎತ್ತು ಅದಲುಬದಲು ಮಾಡುವಾಗ ಮೇಲೆ ಇಷ್ಟು ದುಡ್ಡು ಅಂತ ಸೇರಿಸುವುದೂ ಇತ್ತಂತೆ, ಆದ್ದರಿಂದ ಗ್ರೆಟ್ಸ್ಕಿಯೂ ಅದರೊಳಗೆ ಬಂದ. ಒಪ್ಪಂದದ ಆ ಷರತ್ತಿಗೆ ‘ವರ್ಗಾವಣೆ ತಡೆ’ ಅಂತ ಹಾಕಿದ್ದೇನೆ, ತುಮಕೂರಿನ ಮೇಡಂ ನೆನಪಿಗೆ. ಬಿಲ್ಲೆಯನ್ನು ಕಣ್ಣುಮುಚ್ಚಿ ತಗೊಂಡೆ: ಮೂರು ಅಂಗುಲ ಅಗಲ, ಒಂದು ಅಂಗುಲ ದಪ್ಪ, ಪುಟಿಯಬಾರದು ಅಂತ ಪಂದ್ಯಕ್ಕೆ ಮುಂಚೆ ಫ್ರೀಜರಿನಲ್ಲಿ ಇಟ್ಟಿರುತ್ತಾರೆ. ಚೆಂಡು ಅನ್ನುವುದಕ್ಕೆ ನಿಜಕ್ಕೂ ಸಾಧ್ಯವಿರಲಿಲ್ಲ.

ದಾಯಾದಿಯನ್ನು ಎಡ್ಮಂಟನ್-ಕ್ಯಾಲ್ಗರಿಗೆ ಬಳಸಿದೆ. ಎರಡೂ ಆಲ್ಬರ್ಟಾದವು, ಒಂದೇ ಮನೆಯ ಎರಡು ಪಾಲು. ಟೊರೊಂಟೊ-ಮಾಂಟ್ರಿಯಲ್ ನಡುವೆ ಭಾಷೆಯೇ ಬೇರೆ, ಮನೆಯೂ ಬೇರೆ. ಅದಕ್ಕೆ ದಾಯಾದಿ ಸರಿಹೋಗಲಿಲ್ಲ. ‘ಹಳೇ ಜಿದ್ದಿನ ತಂಡ’ ಅಂತ ಬರೆದೆ.

*

ದಾವಣಗೆರೆಯಿಂದ, ಶುಕ್ರವಾರ

ಜಿದ್ದು ಅರಬ್ಬಿ ಪದ. ಕಳಿಸುವ ಮುಂಚೆ ಕೇಳಬೇಕಿತ್ತು.